ನಡುಗಿದ್ದು ನಾನು, ದೇವಿಯಲ್ಲ

ನನ್ನ ಕೈ ನಡುಗತೊಡಗಿದ ಮೇಲೆ ಇಳಕಲ್ಲಿನ ನಮ್ಮ ಓಣಿಯ ಹೆಂಗಸರು ನನಗೆ ಕೈ ಮುಗಿಯಲು ಶುರುಮಾಡಿದರು. ಅದಕ್ಕೂ ಮೊದಲು ಅದೇ ಹೆಂಗಸರು ನನ್ನನ್ನು ಕಂಡರೆ ಮಕ್ಕಳನ್ನು ಒಳಗೆಳೆದುಕೊಳ್ಳುತ್ತಿದ್ದರು.

ಕ್ರಮವಾಗಿ ಹೇಳುತ್ತೇನೆ. ಅದು ಐವತ್ತರ ದಶಕದ ಕೊನೆಯ ಕಾಲ. ನಾನು ಬಾದಾಮಿಯ ಶಾಲಾ ಮಾಸ್ತರರ ಮಗಳು. ಏಳುವುದು, ಓದುವುದು, ಉಣ್ಣುವುದು ಎಲ್ಲಕ್ಕೂ ಹೊತ್ತು ಗೊತ್ತುಮಾಡಿದ ಮನೆ ನಮ್ಮದು. ಮದುವೆಯಾಗಿ ಬಂದದ್ದು ಇಳಕಲ್ಲಿನ ನೇಕಾರರ ಮನೆಗೆ. ಗಂಡ ಮಗ್ಗದ ಮೇಲೆ ಕೂರುತ್ತಿದ್ದರು. ಸೀರೆಯ ಒಡಲಿನ ನೂಲೆಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುವುದು ನನ್ನ ಕೆಲಸ. ಅದಕ್ಕೆ ಕೊಂಡಿ ಎನ್ನುತ್ತಾರೆ. ಕೊಂಡಿ ತಪ್ಪಿದರೆ ಸೆರಗು ನಿಲ್ಲುವುದಿಲ್ಲ. ಆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ ಕೆಲಸ, ಅದರಲ್ಲಿ ನನ್ನನ್ನು ಮೀರಿಸುವವರು ಓಣಿಯಲ್ಲಿ ಇರಲಿಲ್ಲ.

ಕೆಲವು ವರ್ಷಗಳ ನಂತರ ನನಗೆ ದನಿಗಳು ಕೇಳಿಸತೊಡಗಿದವು. ಗೋಡೆಯಾಚೆ ಯಾರೋ ಗಂಡಸರು ಕೂತು ಬೈಯುತ್ತಿದ್ದರು. ಒಲೆ ಹಚ್ಚಿದರೆ ಬೈಗುಳ, ನೀರು ಸೇದಿದರೆ ಬೈಗುಳ. ನಾನೂ ಬಿಡದೆ ತಿರುಗಿ ಬೈದೆ. ಓಣಿಗೆ ಕೇಳಿಸಿದ್ದು ನನ್ನ ಬಾಯಿ ಮಾತ್ರ. ಅತ್ತೆ ನನ್ನನ್ನು ನೂಲಿನ ಕೋಣೆಗೆ ತಳ್ಳಿ ಚಿಲಕ ಹಾಕಿದರು. ಕೊನೆಗೆ ಗಂಡ ದೂರದ ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಹೊಸದಾಗಿ ಬಂದಿದ್ದ ಗುಳಿಗೆ ಕೊಟ್ಟರು. ದನಿಗಳು ಒಮ್ಮೆಗೇ ನಿಲ್ಲಲಿಲ್ಲ. ಗೋಡೆಯಿಂದ ಬೀದಿಗೆ, ಬೀದಿಯಿಂದ ಊರಾಚೆಗೆ ಸರಿದು ಆಮೇಲೆ ಇಲ್ಲವಾದವು.

ಆದರೆ ಮನೆಗೆ ಬಂದ ಮೇಲೆ ಮೈ ಬಿಗಿಯಿತು. ಹೆಜ್ಜೆ ಎಳೆದು ನಡೆಯಬೇಕಾಯಿತು. ನಗು ಬಂದರೂ ಮುಖ ನಗುತ್ತಿರಲಿಲ್ಲ. ಬೆರಳು ಸುಮ್ಮನೆ ಕೂತಾಗಲೂ ನಡುಗುತ್ತಿದ್ದವು. ರೇಷ್ಮೆ ಎಳೆ ಹಿಡಿದರೆ ಜಾರುತ್ತಿತ್ತು.

ಒಂದು ಶುಕ್ರವಾರ ಪಕ್ಕದ ಮನೆಯಾಕೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ನನ್ನನ್ನು ನೋಡಿ ಹೊಸ್ತಿಲಲ್ಲೇ ಕೂತುಬಿಟ್ಟಳು.

“ಅಕ್ಕಾರ, ನಿಮ್ಮ ಸೊಸಿ ಮೈಮ್ಯಾಲ ಬನಶಂಕ್ರಿ ಬಂದಾಳ್ರಿ! ಮಾರಿ ನೋಡ್ರಿ, ಮೂರ್ತಿ ಇದ್ದಂಗ ಐತಿ.”

“ಬನಶಂಕ್ರಿ ಅಲ್ರಿ, ಗುಳಿಗಿ,” ಎಂದೆ ನಾನು.

“ನೋಡ್ರಿ, ನೋಡ್ರಿ! ಖರೇ ದೇವಿ ಯಾವತ್ತರೆ ನಾ ದೇವಿ ಅಂತ ಹೇಳ್ಕೊಂತಾಳೇನು?”

ಮುಂದಿನ ಶುಕ್ರವಾರ ತೆಂಗಿನಕಾಯಿ, ಕುಪ್ಪಸದ ಕಣ ಹಿಡಿದು ಹೆಂಗಸರು ಬಂದರು. ಒಬ್ಬಳಿಗೆ ಮಗಳ ಲಗ್ನದ ಚಿಂತೆ. ಇನ್ನೊಬ್ಬಳ ಎಮ್ಮೆ ಹಾಲು ಕಡಿಮೆ ಮಾಡಿತ್ತು. “ಹೊಟ್ಟಿ ತುಂಬ ಹಿಂಡಿ ಹಾಕವಾ, ಕೊಡತೈತಿ,” ಎಂದೆ. ಆಕೆ ಹಾಕಿದಳು, ಎಮ್ಮೆ ಕೊಟ್ಟಿತು. ಅದರ ಮಾರನೇ ವಾರ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಚಿಲಕ ಹಾಕಿದ್ದ ಅತ್ತೆಯೇ ನನಗೆ ಚಾಪೆ ಹಾಸುತ್ತಿದ್ದರು.

ನಡುಕಕ್ಕೆ ಔಷಧ ಕೇಳಲು ಬಾಗಲಕೋಟೆಯ ಡಾಕ್ಟರರ ಬಳಿ ಹೋಗುತ್ತೇನೆ ಎಂದಾಗ ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ನಡುಕ ನಿಂತ್ರ ತಾಯಿ ಮುನಿಸ್ಕೊಂತಾಳ. ಮನಿಗೆ ಬಂದ ದೇವ್ರನ್ನ ಯಾರರೆ ಹೊರಗ ಹಾಕ್ತಾರೇನ?”

“ಅತ್ಯಾರ, ನನಗ ದನಿ ಕೇಳಾಕತ್ತಾಗ ನೀವು ಕೈ ಮುಗೀಲಿಲ್ಲ. ಚಿಲಕಾ ಹಾಕಿದ್ರಿ.”

“ಆಗ ದೆವ್ವ ಇತ್ತು. ಈಗ ದೇವಿ ಅದಾಳ.”

“ಆಗೂ ನಾನ ಇದ್ದೆ, ಈಗೂ ನಾನ ಇದ್ದೇನಿ. ದಾರಿ ಬಿಡ್ರಿ.”

ಗಂಡ ತಾಯಿಯ ಮುಖ ನೋಡಿದರು, ನನ್ನ ಮುಖ ನೋಡಿದರು. ನಾನು ಚೀಲ ಹಿಡಿದು ಅತ್ತೆಯ ಪಕ್ಕದಿಂದ ನುಸುಳಿ ಬೀದಿಗಿಳಿದೆ. ಹಿಂದೆ ಗಂಡನ ಚಪ್ಪಲಿಯ ಸದ್ದು ಕೇಳಿಸಿತು. ಬಸ್ಸಿನಲ್ಲಿ ಇಬ್ಬರ ಟಿಕೀಟನ್ನೂ ಅವರೇ ತೆಗೆದರು.

ಡಾಕ್ಟರು ನನ್ನ ಮೊಳಕೈ ಮಡಚಿ, ಚಾಚಿ ನೋಡಿದರು. “ಇದು ಗುಳಿಗೀದ ಕೆಲಸ. ಹಂಗಂತ ಅದನ್ನ ಬಿಡಬ್ಯಾಡವಾ, ಬಿಟ್ರ ದನಿ ತಿರುಗಿ ಬರ್ತಾವ. ಕಂಪವಾತದ ಮುದುಕರಿಗೆ ಕೊಡೋ ಗುಳಿಗಿ ಒಂದೈತಿ. ಅದನ್ನೂ ಜೋಡಿ ತಗೋ. ಬಾಯಿ ಒಣಗತೈತಿ, ಸಣ್ಣ ಕೆಲಸಕ್ಕ ಕಣ್ಣು ಸ್ವಲ್ಪ ಮಂಜಾಗಬಹುದು.”

“ಬಾಯಿ ಒಣಗಲಿ ಬಿಡ್ರಿ. ಓಣಿ ಮಂದಿಗೆ ಉತ್ತರ ಹೇಳೋದರೆ ತಪ್ಪತೈತಿ.”

ಡಾಕ್ಟರು ನಕ್ಕರು. ನನ್ನ ಮುಖ ನಗಲಿಲ್ಲ, ಒಳಗೆ ನಾನು ನಕ್ಕೆ.

ಮರುದಿನ ಬೆಳಿಗ್ಗೆ ಹೊಸ ಗುಳಿಗೆ ಅಂಗೈಯಲ್ಲಿತ್ತು. ಅತ್ತೆ ಬಂದು ಹೇಳಿದರು: “ಇವತ್ತ ಶುಕ್ರವಾರ, ಅಕಿ ವಾರ. ನಾಳಿಂದ ತಗೋ.”

“ನಾಳೆ ಹಣಮಪ್ಪನ ವಾರ. ಸೋಮವಾರ ಶಿವಂದು. ಮಂಗಳವಾರ ಮತ್ತ ಅಕೀದ. ನನ್ನ ವಾರ ಯಾವುದ್ರಿ, ಅತ್ಯಾರ?” ಎಂದು ಅವರ ಕಣ್ಣೆದುರೇ ನುಂಗಿ ನೀರು ಕುಡಿದೆ. ದಿನವೂ ಅದೇ ಹೊತ್ತಿಗೆ ಎರಡೂ ಗುಳಿಗೆ ನುಂಗಿದೆ. ಹಬ್ಬಕ್ಕೂ ತಪ್ಪಿಸಲಿಲ್ಲ, ಉಪವಾಸಕ್ಕೂ ತಪ್ಪಿಸಲಿಲ್ಲ.

ಡಾಕ್ಟರು ಹೇಳಿದ ಹಾಗೆ ಬಾಯಿ ಒಣಗಿತು, ಎಳೆ ಎರಡೆರಡಾಗಿ ಕಂಡಿತು. ಕಣ್ಣು ಕಿರಿದು ಮಾಡಿ ಕೂತೆ. ಬೆರಳು ಮೆಲ್ಲಗೆ ನನ್ನ ಮಾತು ಕೇಳತೊಡಗಿದವು. ಒಂದು ಶುಕ್ರವಾರ ನಾನು ಬಾಗಿಲ ಬೆಳಕಿನಲ್ಲಿ ಎಳೆ ಹಿಡಿದು ಕೂತಿದ್ದಾಗ ಪಕ್ಕದ ಮನೆಯಾಕೆ ಕಾಯಿ ಹಿಡಿದು ಬಂದಳು. ನನ್ನ ಕೈ ನೋಡಿ ಅವಳ ಮುಖ ಇಳಿಯಿತು.

“ಅಕ್ಕಾರ, ದೇವಿ ಎಲ್ರಿ?”

“ಹೋದ್ಳು,” ಎಂದರು ಅತ್ತೆ, ಮುಖ ಗಂಟಿಕ್ಕಿ. “ಇಕಿನ ಕಳಿಸಿದ್ಳು.”

“ಹೌದ್ರಿ, ನಾನ ಕಳಿಸೇನಿ,” ಎಂದೆ. “ಬೆಳಕಿಗೆ ಅಡ್ಡ ನಿಂದರಬ್ಯಾಡ್ರಿ, ಕೊಂಡಿ ತಪ್ಪತೈತಿ.”

ಆಕೆ ಕಾಯಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಹೋದಳು.