ನೆಗಡಿ ಇದೆಯಾ ಎಂದು ಕೇಳುತ್ತಿದ್ದ ಮೇಷ್ಟ್ರು

ಅನಂತರಾಮ ಮೇಷ್ಟ್ರು ಯಾರನ್ನು ಕಂಡರೂ ಮೊದಲು ವಿಚಾರಿಸುತ್ತಿದ್ದುದು ನೆಗಡಿಯನ್ನು. ಭಾನುವಾರ ಬೆಳಿಗ್ಗೆ ಹಕ್ಕಿ ನೋಡಲು ಲಾಲ್‌ಬಾಗಿನ ಗೇಟಿನ ಹತ್ತಿರ ಸೇರುತ್ತಿದ್ದ ನಮ್ಮ ಐದಾರು ಜನರ ಮುಖಗಳನ್ನು ಒಂದೊಂದಾಗಿ ನೋಡಿ, "ನೆಗಡಿ, ಕೆಮ್ಮು ಏನಾದ್ರೂ ಇದ್ಯಾ?" ಎನ್ನುತ್ತಿದ್ದರು. ಇದೆ ಎಂದವರು ಅಲ್ಲಿಂದಲೇ ವಾಪಸ್ಸು.

"ಯಾಕೆ ಸಾರ್, ಗುಬ್ಬಚ್ಚಿಗೆ ಶೀತ ಆಗ್ಬಿಡತ್ತಾ?" ಎಂದು ತರಕಾರಿ ವ್ಯಾಪಾರದ ಕೆಂಪಣ್ಣ ಒಮ್ಮೆ ಕೇಳಿದ.

"ಗುಬ್ಬಚ್ಚಿಗೆ ಆಗಲ್ಲ ಕಣಯ್ಯ. ನಿನಗೆ ನಿಜ ಹೇಳೋದು ಅಭ್ಯಾಸ ಆಗ್ಲಿ ಅಂತ."

ಮೇಷ್ಟ್ರು ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಕೊರಳಲ್ಲಿ ಒಂದು ಕಣ್ಣು ಮಸುಕಾದ ದುರ್ಬೀನು. ಗವಿಪುರದ ಬಂಡೆಗಳ ಮೇಲೆ ಜನ ಕೋತಿಗಳಿಗೆ ಕೈಯಾರೆ ಬಾಳೆಹಣ್ಣು ಕೊಡುವಾಗ ಇವರು ಹತ್ತು ಹೆಜ್ಜೆ ಆಚೆ, ಮೂಗು ಬಾಯಿಗೆ ಟವಲು ಕಟ್ಟಿಕೊಂಡು ನಿಂತಿರುತ್ತಿದ್ದರು. ಜನ ನಕ್ಕರೆ ತಾವೂ ಟವಲಿನೊಳಗೇ ನಗುತ್ತಿದ್ದರು.

ಕಾರಣವನ್ನು ನನಗೆ ಹೇಳಿದ್ದು ಪರಿಚಯವಾಗಿ ಆರು ವರ್ಷದ ಮೇಲೆ, ಚಾಮರಾಜಪೇಟೆಯ ಅವರ ತಂಗಿಯ ಮನೆಯ ಜಗಲಿಯಲ್ಲಿ. ಪ್ರಾಯದಲ್ಲಿ ಅವರು ತಾಂಜಾನಿಯಾದಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದರು. ಊರಿನ ಪಕ್ಕ, ದೊಡ್ಡ ಸರೋವರದ ದಂಡೆಗೆ ಒಂದು ರಕ್ಷಿತ ಅರಣ್ಯ. ಅಲ್ಲಿನ ಗಾರ್ಡ್ ಸೈದಿ ಇವರಿಗೆ ಹಕ್ಕಿ ಗುರುತಿಸುವುದನ್ನು ಕಲಿಸಿದ. ದೂರದಿಂದ ಬಂದವರನ್ನು ಚಿಂಪಾಂಜಿ ನೋಡಲು ಕರೆದುಕೊಂಡು ಹೋಗುವುದೂ ಅವನ ಕೆಲಸ. ಕಾಡಿನ ಅಂಚಿನಲ್ಲಿ ನಿಲ್ಲಿಸಿ, ಯಾರಿಗಾದರೂ ನೆಗಡಿಯಿದೆಯೇ ಎಂದು ಕೇಳುತ್ತಿದ್ದ. ನಮ್ಮ ನೆಗಡಿ ಅವುಗಳಿಗೆ ಪ್ರಾಣಕ್ಕೇ ಬರುತ್ತದೆ.

"ಒಂದ್ ದಿನ ನಂಗೆ ಇತ್ತು. ಇಲ್ಲ ಅಂದೆ," ಎಂದರು ಮೇಷ್ಟ್ರು. "ಹದಿನೈದು ದಿನಕ್ಕೆ ಒಂದು ಮರಿ ಹೋಯ್ತು. ಅದರ ತಾಯಿಗೆ ಎಡಗಿವಿ ಹರಿದಿತ್ತು. ಸತ್ತ ಮರೀನ ಬೆನ್ನ ಮೇಲೆ ಹಾಕ್ಕೊಂಡು ನಾಲ್ಕು ದಿನ ತಿರುಗಿದ್ಲು. ಸೈದಿ ನನ್ನ ಬೈಲಿಲ್ಲ ಕಣ್ರೀ. ಬೈದಿದ್ರೆ ಆಗ್ತಿತ್ತು."

ಹರಿದ ಕಿವಿಯ ಆ ತಾಯಿ ಇನ್ನೂ ಇದ್ದಾಳೆಂದು ಸೈದಿ ಕಾಗದ ಬರೆಯುತ್ತಿದ್ದ. ಅವಳನ್ನು ಇನ್ನೊಂದು ಸಲ ನೋಡಬೇಕು ಎಂಬುದೊಂದೇ ಮೇಷ್ಟ್ರ ಆಸೆ. ಎಂಬತ್ತರ ದಶಕದ ಕೊನೆಗೆ, ಅದೇ ದೇಶದ ದಾರ್ ಎಸ್ ಸಲಾಮಿನಲ್ಲಿ ಇಂಜಿನಿಯರಾಗಿದ್ದ ನನ್ನ ಭಾವ ನನ್ನನ್ನು ಕರೆಸಿಕೊಂಡಾಗ, ಮೇಷ್ಟ್ರನ್ನೂ ಕರೆದುಕೊಂಡು ಹೋದೆ.

ಅಲ್ಲಿಂದ ಕಾಡಿಗೆ ಎರಡು ದಿನದ ರೈಲು. ಮೇಷ್ಟ್ರ ಮನೆಯಲ್ಲಿ ಎಂಜಲಿನ ಕಟ್ಟುನಿಟ್ಟು ಬಹಳ; ಲೋಟಕ್ಕೆ ತುಟಿ ತಾಗಿಸದೆ ಎತ್ತಿಯೇ ಕುಡಿಯುವವರು. ಆ ರೈಲಿನ ಕುಲುಕಾಟದಲ್ಲಿ ಎತ್ತಿ ಕುಡಿಯಲು ಹೋಗಿ ಕಾಫಿ ಅಂಗಿಗೆಲ್ಲ ಚೆಲ್ಲಿತು. "ಪರದೇಶದಲ್ಲಿ ಮಡಿ ಏನು ಬಂತು, ಕೊಡಿ ಇತ್ಲಾಗೆ" ಎಂದವರೇ, ನಾನು ಕುಡಿದಿಟ್ಟ ಫ್ಲಾಸ್ಕಿನ ಮುಚ್ಚಳಕ್ಕೇ ಬಾಯಿಟ್ಟು ಕುಡಿದರು. ನನಗೆ ಆಗಲೇ ಗಂಟಲು ಕೆರೆಯುತ್ತಿತ್ತು. ನಾನು ಹೇಳಲಿಲ್ಲ.

ಮೂರನೆಯ ಬೆಳಿಗ್ಗೆ ಕಾಡಿನ ಅಂಚಿಗೆ ಬಂದೆವು. ತಲೆ ಪೂರ್ತಿ ಬೆಳ್ಳಗಾಗಿದ್ದ ಸೈದಿ ಮೇಷ್ಟ್ರ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ನಿಂತ. ಅವನು ಆ ಪ್ರಶ್ನೆ ಕೇಳುವ ಮೊದಲೇ ಮೇಷ್ಟ್ರು ಸೀನಿದರು. ಒಂದೇ ಸಲ. ಟವಲಿನಿಂದ ಮೂಗೊರೆಸಿಕೊಂಡು ಪಕ್ಕದ ಬಿದ್ದ ಮರದ ಮೇಲೆ ಕೂತರು.

"ನಾನು ಬರಲ್ಲ. ನೀವು ಹೋಗ್ಬನ್ನಿ. ನಿಮಗೆ ಹೇಗಿದೆ?"

"ನಂಗೇನಿಲ್ಲ ಸಾರ್."

ಎರಡು ಮಾತ್ರೆ ನುಂಗಿದ್ದೆ. ಅಷ್ಟು ದೂರ ಬಂದಿದ್ದೆ. ಬೇರೆ ಕಾರಣ ಇರಲಿಲ್ಲ.

ಅವಳನ್ನು ಕಂಡೆ. ಅತ್ತಿಯಂಥ ಒಂದು ಮರದ ಬುಡದಲ್ಲಿ ಕೂತಿದ್ದಳು, ಎಡಗಿವಿ ಅರ್ಧ, ತೋಳಿನಲ್ಲಿ ಆಗಲೇ ನಡೆಯಲು ಕಲಿತಿದ್ದ ಒಂದು ಮರಿ. ಬಾಯಿಗೆ ಕರವಸ್ತ್ರ ಒತ್ತಿ ಹಿಡಿದರೂ ಒಂದು ಕೆಮ್ಮು ತಪ್ಪಿಸಿಕೊಂಡಿತು. ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಸೈದಿಯೂ ನೋಡಿದ. ತಕ್ಷಣ ವಾಪಸ್ಸು ಹೊರಡಿಸಿದ.

"ಇದ್ಲಾ?" ಎಂದರು ಮೇಷ್ಟ್ರು, ಕೂತಲ್ಲಿಂದಲೇ.

"ಇದ್ಲು ಸಾರ್. ಇನ್ನೊಂದು ಮರಿ ಇದೆ."

ಅವರು ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸುತ್ತಲೇ ಇದ್ದರು. ಕೆಮ್ಮಿನ ವಿಷಯವನ್ನು ಸೈದಿ ಅವರ ಮುಂದೆ ಎತ್ತಲಿಲ್ಲ.

ಕೊನೆಯ ಸಲ ನೋಡಿದ್ದು ಮರುವರ್ಷ. ಮೇಷ್ಟ್ರು ತಂಗಿಯ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನಾನು ಬಾಗಿಲಿಗೆ ಬಂದ ಸದ್ದಿಗೆ, "ನೆಗಡಿ ಇದ್ಯಾ?" ಎಂಬ ದನಿ ಒಳಗಿನಿಂದ ಬಂತು.

"ಇದೆ ಸಾರ್."

"ಹಂಗಾದ್ರೆ ಕಿಟಕಿ ಹತ್ರ ಬನ್ನಿ."

ರಸ್ತೆಯಲ್ಲಿ ನಿಂತು ಸರಳುಗಳ ನಡುವೆ ನೋಡಿದೆ. ಅವರೂ ನನ್ನನ್ನು ನೋಡುತ್ತಿದ್ದರು.

"ಆವತ್ತೂ ಇತ್ತು, ಅಲ್ವಾ?"

ಹೌದೆಂದು ತಲೆಯಾಡಿಸಿದೆ.

"ಒಂದೇ ಮುಚ್ಚಳದಲ್ಲಿ ಕುಡಿದಿದ್ವಲ್ಲ, ಗೊತ್ತಾಯ್ತು. ಅಲ್ಲೇ ಇನ್ನೊಂದ್ಸಲ ಕೇಳ್ಬೇಕು ಅನ್ನಿಸ್ತು. ನೀವು ಮತ್ತೂ ಇಲ್ಲ ಅಂದ್ಬಿಟ್ರೆ ಅಂತ ಸುಮ್ನಾದೆ." ಉಸಿರು ಸುಧಾರಿಸಿಕೊಂಡರು. "ಸೈದಿಗೆ ನೀವೇ ಬರೀರಿ. ಏನ್ ಉತ್ತರ ಬಂದ್ರೂ ನಂಗೆ ಓದಿ ಹೇಳ್ಬೇಕು."

ಆ ರಾತ್ರಿಯೇ ಬರೆದೆ. ಉತ್ತರ ಬರಲು ಎರಡು ತಿಂಗಳಾಯಿತು. ಮರಿ ತನ್ನ ಅಕ್ಕನ ಜೊತೆ ಓಡಾಡಿಕೊಂಡಿದೆ. ಹರಿದ ಕಿವಿಯವಳು ಕಳೆದ ಮಳೆಗಾಲದಿಂದ ಕಂಡಿಲ್ಲ. ಅವಳಿಗೆ ವಯಸ್ಸೂ ಆಗಿತ್ತು, ಯಾವುದರಿಂದ ಹೋದಳೆಂದು ಹೇಳಲಾರೆ ಎಂದು ಸೈದಿ ಬರೆದಿದ್ದ.

ಕಾಗದ ತೆಗೆದುಕೊಂಡು ಚಾಮರಾಜಪೇಟೆಗೆ ಹೋದೆ. ಮೇಷ್ಟ್ರು ಹೋಗಿ ಮೂರು ವಾರವಾಗಿತ್ತು. ಆ ದಿನ ನನಗೆ ನೆಗಡಿ ಇರಲಿಲ್ಲ. ಆದರೂ ಒಳಗೆ ಹೋಗದೆ, ಮುಚ್ಚಿದ ಆ ಕಿಟಕಿಯ ಹೊರಗೆ ನಿಂತು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ.