ಮೈನಸ್ ಅರವತ್ತೈದು

ಎಂಬತ್ತರ ದಶಕದ ಆ ದಿನಗಳಲ್ಲಿ ಖಾನಾಪುರದ ನಮ್ಮ ಓಣಿಗೆ ಯುಗಾದಿ ಬಂತೆಂದು ಮೊದಲು ಮೂಗೇ ಹೇಳುತ್ತಿತ್ತು. ಮನೆಮನೆಯ ಹಿತ್ತಲಲ್ಲೂ ಹಸಿ ಸುಣ್ಣದ ವಾಸನೆ. ಹಬ್ಬಕ್ಕೆ ಗೋಡೆ ಬಳಿಯಲು ಎಲ್ಲರೂ ಸುಣ್ಣ ಅರಳಿಸುತ್ತಿದ್ದರು.

ಆ ವರ್ಷ ನನಗೆ ಒಂಬತ್ತು. ಅಕ್ಕ ದಿನಾ ರೈಲಿನಲ್ಲಿ ಬೆಳಗಾವಿಗೆ ಹೋಗಿ ಪಿಯುಸಿ ಓದುತ್ತಿದ್ದಳು. "ಪಾಸಾದ್ರ ಮುಂದ ಓದು, ಇಲ್ಲಂದ್ರ ಲಗ್ನ," ಎಂದು ಅಪ್ಪ ಕಡ್ಡಿ ಮುರಿದಂತೆ ಹೇಳಿದ್ದ. ಅವಳು ಹೆದರುತ್ತಿದ್ದದ್ದು ರಸಾಯನಶಾಸ್ತ್ರದ ವ್ಯಾಖ್ಯೆಗಳಿಗೆ. ನನ್ನನ್ನೇ ಮಾಸ್ತರ ಮಾಡಿ ಕೂರಿಸಿ, ಹುಣಸೆಹಣ್ಣು ಚೀಪುತ್ತ ಒಪ್ಪಿಸುತ್ತಿದ್ದಳು. ಕ್ರಿಯೆಯ ಶಾಖದ ಲೆಕ್ಕವಾದ ಪ್ರಮಾಣ ಎಂಥಾಲ್ಪಿ ಬದಲಾವಣೆ ಎಂದರೆ ಒಂದು ವಾತಾವರಣದ ಒತ್ತಡದಲ್ಲಿ, ಇಪ್ಪತ್ತೈದು ಡಿಗ್ರಿಯಲ್ಲಿ, ವಸ್ತುಗಳು ತಮ್ಮ ಸಹಜ ಸ್ಥಿತಿಯಲ್ಲಿದ್ದಾಗ... ಒಂದು ಮಾತು ತಪ್ಪಿದರೂ ಮತ್ತೆ ಮೊದಲಿಂದ.

"ಸುಟ್ಟ ಸುಣ್ಣದಕಲ್ಲಿಗೆ ನೀರ ಬಿದ್ರ ಮೈನಸ್ ಅರವತ್ತೈದು ಕಿಲೋಜೂಲ್," ಎಂದಳು ಒಂದು ಸಂಜೆ.

"ಮೈನಸ್ ಅಂದ್ರ ಏನಕ್ಕಾ?"

"ಬಿಸಿ ಕಡಿಮಿ ಆಗತೈತಿ ಅಂತ ತಿಳ್ಕೊ. ಈಗ ಸುಮ್ನ ಕುಂದ್ರ."

ಮರುದಿನ ಅವ್ವ ಹಿತ್ತಲಿನ ಡ್ರಮ್ಮಿಗೆ ಸುಣ್ಣದಕಲ್ಲು ಸುರಿದು ನೀರು ಹಾಕಿದಳು. "ಹತ್ರ ಹೋಗಬ್ಯಾಡ, ಕುದೀತೈತಿ," ಎಂದು ಒಳಗೆ ಹೋದಳು. ಅವ್ವ ಸಾಲಿ ಕಲಿತವಳಲ್ಲ, ಅವಳಿಗೇನು ಗೊತ್ತು ಎಂದುಕೊಂಡೆ. ಡ್ರಮ್ಮಿನಿಂದ ಬಿಳಿ ಹೊಗೆ ಏಳುತ್ತಿತ್ತು. ಐಸ್‌ಕ್ಯಾಂಡಿ ಪೆಟ್ಟಿಗೆ ತೆರೆದಾಗಲೂ ಹೀಗೇ ಅಲ್ಲವೇ? ಇಟ್ಟಿಗೆ ಮೇಲೆ ನಿಂತು ಇನ್ನೊಂದು ತಂಬಿಗೆ ನೀರು ಸುರಿದೆ. ಬಿಸಿ ಕಡಿಮೆಯಾಗುತ್ತದೆ ಎಂದು ಅಕ್ಕ ಹೇಳಿದ್ದಳಲ್ಲ, ತಣ್ಣಗಿದ್ದೀತೆಂದು ಕೈ ಚಾಚಿದೆ.

ಅಕ್ಕ ಚೀರುತ್ತ ಓಡಿಬಂದು ಜಡೆ ಹಿಡಿದು ನನ್ನನ್ನು ಹಿಂದಕ್ಕೆಳೆದಳು. ನಾನು ನೆಲಕ್ಕೆ ಬೀಳುವುದಕ್ಕೂ ಡ್ರಮ್ಮು ಉಗುಳುವುದಕ್ಕೂ ಸರಿಹೋಯಿತು. ಕುದಿಯುವ ಸುಣ್ಣವೆಲ್ಲ ಅವಳ ಮುಖಕ್ಕೆ ಬಡಿಯಿತು.

ಬೆಳಗಾವಿಯ ದವಾಖಾನೆಯಲ್ಲಿ ಹೇಗಾಯಿತೆಂದು ಎಲ್ಲರೂ ಕೇಳಿದರು. "ನಾನ ಕಾಲ ಜಾರಿ ಬಿದ್ದೆ," ಎಂದಳು ಅಕ್ಕ. ನಾನೂ ಹೂಂ ಎಂದೆ. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದಲ್ಲೇ ವ್ಯಾಖ್ಯೆ ಒಪ್ಪಿಸುತ್ತಿದ್ದಳು. ಒಂದು ಮಾತೂ ತಪ್ಪುತ್ತಿರಲಿಲ್ಲ. ಪರೀಕ್ಷೆ ಬಂದು ಹೋಯಿತು. ಪಟ್ಟಿ ಬಿಚ್ಚಿದಾಗ ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದಕ್ಕೆ ಅಕ್ಷರ ಕಾಣುತ್ತಿರಲಿಲ್ಲ. ಮನೆಯಲ್ಲಿ ಓದಿನ ಮಾತೂ ನಿಂತಿತು, ಲಗ್ನದ ಮಾತೂ ನಿಂತಿತು.

ಈಗ ನಮ್ಮ ಕಡೆ ಸುಣ್ಣ ಅರಳಿಸುವವರಿಲ್ಲ, ಎಲ್ಲರಿಗೂ ಡಬ್ಬದ ಬಣ್ಣ. ಅಕ್ಕ ಓದಬೇಕಿದ್ದುದನ್ನು ನಾನು ಓದಿ, ರಸಾಯನಶಾಸ್ತ್ರ ಕಲಿಸುವ ಕೆಲಸ ಮಾಡಿದೆ. ಮೈನಸ್ ಎಂದರೆ ಬಿಸಿ ಹೊರಬಿದ್ದು ಸುತ್ತಲಿದ್ದವರನ್ನು ಸುಡುತ್ತದೆ ಎಂದು ಕಾಲೇಜಿನ ಮಕ್ಕಳಿಗೆ ವರ್ಷವರ್ಷವೂ ಹೇಳಿದೆ. ಅವತ್ತು ನಾನು ಕೈ ಚಾಚಿದ್ದು ಹುಡುಗಾಟಕ್ಕೆ ಎಂದೇ ಅಕ್ಕ ಇಂದಿಗೂ ನಂಬಿದ್ದಾಳೆ. ನಂಬಿಕೊಂಡಿರಲಿ. ನಿಜ ತಿಳಿದರೆ ಅವಳು ನನ್ನನ್ನು ಬೈಯುವುದಿಲ್ಲ, ತನ್ನನ್ನೇ ಬೈದುಕೊಳ್ಳುತ್ತಾಳೆ.