ಅರ್ಧ ಜಾಗದವರು

ಅನುಮಾನ ನನಗೆ ಹುಟ್ಟಿನಿಂದ ಬಂದದ್ದು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅಂಗಡಿಯವನು ಎಷ್ಟೇ ನಕ್ಕು ಮಾತಾಡಿಸಿದರೂ ನನ್ನ ಕಣ್ಣು ತಕ್ಕಡಿ ಮೇಲೇ ಇರುತ್ತದಂತೆ. ಇರಲಿ ಬಿಡಿ. ಆದರೆ ನಾಲ್ಕು ತಾಲ್ಲೂಕುಗಳ ಫುಟ್‌ಬಾಲ್ ಪಂದ್ಯಾವಳಿಯ ಪಟ್ಟಿ ವಾಟ್ಸಾಪಿಗೆ ಬಂದ ದಿನ ಎಂಥ ಸಾಧುವಿಗೂ ಅನುಮಾನ ಬರಬೇಕಿತ್ತು.

ಶಿರಾದ ಮೈದಾನದಲ್ಲಿ ಎಂಟು ತಂಡಗಳ ಆಟ. ಅದರಲ್ಲಿ ಶಿರಾಕ್ಕೇ ನಾಲ್ಕು ಜಾಗ, ಮಧುಗಿರಿಗೆ ಎರಡು, ಕೊರಟಗೆರೆಗೆ ಒಂದೂವರೆ, ನಮ್ಮ ಪಾವಗಡಕ್ಕೆ ಅರ್ಧ. ಸಮಿತಿಯವರಿಗೆ ಫೋನ್ ಮಾಡಿ ಇದು ಯಾವ ನ್ಯಾಯ ಎಂದು ಕೇಳಿದೆ. ಹಿಂದೆ ಗೆದ್ದವರ ಲೆಕ್ಕ ನೋಡಿ ಹಂಚಿದ್ದೇವೆ, ದೊಡ್ಡ ದೊಡ್ಡ ದೇಶಗಳ ವರ್ಲ್ಡ್ ಕಪ್‌ನಲ್ಲೂ ಹೀಗೇ ಎಂದರು. ಒಳಗೇ ಬಿಡದಿದ್ದರೆ ಗೆಲ್ಲುವುದೆಲ್ಲಿ ಸ್ವಾಮಿ ಎಂದೆ. ಸಿಗ್ನಲ್ ಸರಿಯಿಲ್ಲ ಎಂದು ಫೋನ್ ಇಟ್ಟರು.

ನಾನು ಪಾವಗಡದಲ್ಲಿ ಆಟದ ಮೇಷ್ಟ್ರು. ಶಾಲೆ ಮುಗಿಸಿ ಕೆಲಸಕ್ಕೆ ಸೇರಿದ ಹುಡುಗರನ್ನು ಕಟ್ಟಿಕೊಂಡು ಒಂದು ಕ್ಲಬ್ ನಡೆಸುತ್ತೇನೆ. ಐದು ವರ್ಷ ಬೆವರು ಸುರಿಸಿದ್ದರೂ ನಾವು ಆ ಪಂದ್ಯಾವಳಿಯೊಳಗೆ ಕಾಲಿಟ್ಟಿರಲಿಲ್ಲ. ಈ ಸಲ ಹೇಗಾದರೂ ಹೋಗಲೇಬೇಕು ಎಂಬ ಹಟ ಹುಡುಗರಿಗಿಂತ ನನಗೇ ಜಾಸ್ತಿ ಇತ್ತು.

ಪಟ್ಟಿಯ ಕೆಳಗೆ ಒಂದು ಸಾಲಿತ್ತು: ‘ಅರ್ಧ ಸ್ಥಾನ ಪಡೆದ ಎರಡೂ ತಂಡಗಳು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಮಧುಗಿರಿಯಲ್ಲಿ ಸೇರತಕ್ಕದ್ದು.’ ಅಂದರೆ ಕೊರಟಗೆರೆಯ ಎರಡನೇ ತಂಡಕ್ಕೂ ನಮಗೂ ಒಂದು ಆಟ, ಗೆದ್ದವರು ಶಿರಾಕ್ಕೆ. ನನಗದು ಓದಿದ ಕೂಡಲೇ ಅರ್ಥವಾಗಿತ್ತು.

ಭಾನುವಾರ ಒಂಬತ್ತೂವರೆಗೆ ಹದಿನಾಲ್ಕು ಜನ ಬಸ್ಸಿಳಿದೆವು. ಕೊರಟಗೆರೆ ಕಡೆಯವರು ಆಗಲೇ ಬಂದು ಬೇವಿನ ಮರದ ಕೆಳಗೆ ಕೂತಿದ್ದರು. ಕೊಳಾಲದ ಸುತ್ತಮುತ್ತಲ ಹುಡುಗರು. ನಮ್ಮನ್ನು ಕಂಡವರೇ ಎದ್ದು ಬಂದು ಕೈ ಕುಲುಕಿದರು, ತಂದಿದ್ದ ಚಿತ್ರಾನ್ನದ ಡಬ್ಬಿ ಮುಂದೆ ಹಿಡಿದರು. ಎದುರಾಳಿಗೆ ಇಷ್ಟು ಉಪಚಾರ ಯಾಕೆ? ತಿಂದರೆ ಹೊಟ್ಟೆ ಭಾರವಾಗುತ್ತದೆ, ಮುಟ್ಟಬೇಡಿ ಎಂದು ನಮ್ಮವರಿಗೆ ಕಣ್ಸನ್ನೆ ಮಾಡಿದೆ.

ನಮ್ಮ ಕ್ಯಾಪ್ಟನ್ ನನ್ನ ಕಿವಿಯ ಹತ್ತಿರ ಬಂದು, ಅವರಿಗೆ ತಿಳಿಯದಿರಲೆಂದು ತೆಲುಗಿನಲ್ಲಿ, “ವಾಳ್ಳು ಆರುಗುರೇ ಉನ್ನಾರು ಸಾರ್” ಎಂದ. ಎಣಿಸಿದೆ. ನಿಜ, ಆರೇ ಜನ. ಗೋಲ್‌ಕೀಪರನೂ ಇಲ್ಲ. ಮಿಕ್ಕವರನ್ನು ಎಲ್ಲೋ ಬಚ್ಚಿಟ್ಟಿದ್ದಾರೆ, ಕೊನೇ ಗಳಿಗೆಯಲ್ಲಿ ಬಾಡಿಗೆ ಆಟಗಾರರನ್ನು ಇಳಿಸುತ್ತಾರೆ ಅಂದುಕೊಂಡೆ. ಇಲ್ಲವೇ ಆಟ ಮುಂದಕ್ಕೆ ಹಾಕಿಸುವ ಮಸಲತ್ತು. ಶಿರಾದವರ ಕೈವಾಡವೂ ಇರಬಹುದು ಎನ್ನಿಸಿತು. ಏನಾದರಾಗಲಿ ಎಂದು ರೆಫರಿಯ ಪಕ್ಕ ಹೋಗಿ ನಿಂತು, ಏಳು ಜನರಿಲ್ಲದೆ ಆಟ ಶುರು ಮಾಡುವಂತಿಲ್ಲ ಎಂಬ ನಿಯಮವನ್ನು ಎರಡು ಸಲ ನೆನಪಿಸಿದೆ.

ಹತ್ತು ಗಂಟೆಯಾಯಿತು. ರೆಫರಿ ಕಾಲು ಗಂಟೆ ಕಾದ. ಯಾರೂ ಬರಲಿಲ್ಲ. ಇನ್ನೈದು ನಿಮಿಷ ನೋಡೋಣವೇ ಎಂದು ಅವನೇ ಕೇಳಿದ. ನಾನು ಬೇಡವೆಂದೆ. ಆಟವಿಲ್ಲದೆಯೇ ನಾವು ಗೆದ್ದೆವೆಂದು ಬರೆದು ಕಾಗದ ಮುಂದಿಟ್ಟ. ನಾನು ಸಹಿ ಮಾಡಿದೆ. ಅವರ ಕ್ಯಾಪ್ಟನ್, ಹಾಲಿನ ಡೇರಿಯಲ್ಲಿ ಕೆಲಸ ಮಾಡುವ ಸಣಕಲ ಹುಡುಗ, ಓದದೆಯೇ ನನ್ನ ಸಹಿಯ ಕೆಳಗೆ ತನ್ನದನ್ನೂ ಹಾಕಿದ. ಅವನ ಮುಖದಲ್ಲಿ ಬೇಜಾರಿನ ಸುಳಿವೇ ಇಲ್ಲದ್ದು ನೋಡಿ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ರೆಫರಿ ಬೈಕ್ ಹತ್ತಿ ಹೊರಟ ಮೇಲೆ ತಡೆಯಲಾರದೆ ಆ ಹುಡುಗನನ್ನು ಕೇಳಿಯೇಬಿಟ್ಟೆ, ಯಾಕಪ್ಪ ಆರೇ ಜನ ಬಂದಿರಿ ಎಂದು.

“ಅರ್ಧ ನಮ್ದು, ಅರ್ಧ ನಿಮ್ದು, ಸೇರ್ಕಳಿ ಅಂತ ಹಾಕಿದ್ರಲ್ಲ ಸಾ,” ಎಂದ. “ನಾವಾರು ನೀವೈದು, ಹನ್ನೊಂದಾಯ್ತದೆ ಅಂದ್ಕಂಡೊ. ನಿಮ್ ಕೀಪರ್ರು ಚೆನ್ನಾಗವ್ರೆ ಅಂತ ನಮ್ಮವನ್ನ ಊರಲ್ಲೇ ಬುಟ್ಟು ಬಂದೊ. ಪಾಪ, ಅತ್ಕಂಡು ಕುಂತವ್ನೆ.”

ಸಮಿತಿಗೆ ಕೊಡಲೆಂದು ರೆಫರಿ ಬಿಟ್ಟುಹೋದ ಕಾಗದ ನನ್ನ ಜೇಬಿನಲ್ಲೇ ಇತ್ತು, ರೆಫರಿಯ ನಂಬರೂ ಫೋನಿನಲ್ಲಿತ್ತು. ಅವನನ್ನು ವಾಪಸ್ ಕರೆಸಿ ನಿಜ ಹೇಳಬಹುದಿತ್ತು. ಹಿಂದೆ ನಿಂತಿದ್ದ ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆ ತಗ್ಗಿಸಿದರು. ಐದು ವರ್ಷ ಎಂದು ನಾನು ಒಳಗೊಳಗೇ ಹೇಳಿಕೊಂಡೆ. ನಾಚಿಕೆಯಾಗುತ್ತಿತ್ತು, ಆದರೂ ಕೈ ಜೇಬಿನಿಂದ ಹೊರಗೆ ಬರಲಿಲ್ಲ.

ಅವರ ಕ್ಯಾಪ್ಟನ್ ಡಬ್ಬಿಯ ಮುಚ್ಚಳ ಹಾಕುತ್ತಾ ನನ್ನ ಕಡೆ ತಿರುಗಿದ.

“ಸೈನ್ ಎಲ್ಲಾ ಆಯ್ತಲ್ಲ ಸಾ. ಸಿರಾಕ್ಕೆ ನಾವು ಎಷ್ಟೊತ್ತಿಗೆ ಬರ್ಬೇಕು?”